ಅಫ್ಸರನ ರ್‍ಯಾಂಕಿಗೆ ನಾನು ಹೋದ ಮುಯ್ಯಿ

ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಗೊತ್ತಾಗಿ ನೀವು ಬೈಯುವುದಕ್ಕಿಂತ ಈಗಲೇ ಬೈದು ಮುಗಿಸಿಬಿಡಿ. ಗೆಳೆಯನೊಬ್ಬ ಇಡೀ ಮಳೆಗಾಲ ಹೆಬ್ಬೆರಳು ಸವೆಸಿ ಹತ್ತಿದ್ದ ಮೆಟ್ಟಿಲುಗಳನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಇಳಿದು ಬಂದೆ. ಅದೂ ಅವನದೇ ಹೆಸರಿನಲ್ಲಿ, ಅವನದೇ ದನಿಯಲ್ಲಿ ಮಾತಾಡುತ್ತಾ. ಮೊಬೈಲಿನಲ್ಲಿ ಐದೈದು ಜನ ಎದುರುಬದುರು ನಿಂತು ಆಡುವ ಗುಂಡಿನ ಆಟವದು. ಮುಂದೆ ಆ ಆಟವನ್ನು ಬಾಯಿಗೆ ಬಂದ ಹಾಗೆ ಉಗಿಯಲಿದ್ದೇನೆ. ಉಗಿಯುವವನ ಮುಖಕ್ಕೆ ಏನೇನು ಮೆತ್ತಿದೆ ಅಂತ ನಿಮಗೆ ಮುಂಚೆಯೇ ಗೊತ್ತಿರಲಿ.

ಮೊನ್ನೆ ಪಿರಿಯಾಪಟ್ಟಣದಲ್ಲಿ ರಾವಂದೂರಿನ ಬಸ್ಸು ಹತ್ತಿದ್ದೆ. ಜಡಿಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಮುಂದಿನ ಸೀಟಿನ ಅಜ್ಜಿ ಎಲೆಯಡಿಕೆ ಉಗಿಯಲು ಗಾಜು ಸರಿಸಿದಳು ನೋಡಿ, ಆ ಸಂದಿಯಲ್ಲೇ ವಾಸನೆ ಒಳಕ್ಕೆ ನುಗ್ಗಿತು. ಹಸಿ ಹೊಗೆಸೊಪ್ಪು ಬ್ಯಾರನ್ನಿನ, ಅಂದರೆ ಸೊಪ್ಪು ಹದ ಮಾಡುವ ಎತ್ತರದ ಮನೆಯ, ಬಿಸಿಗೆ ಬೇಯುತ್ತಾ ಹಳದಿಗೆ ತಿರುಗುವ ವಾಸನೆ. ಅರ್ಧ ಜೇನು, ಅರ್ಧ ಒದ್ದೆ ನಾಯಿ. ಅದೇ ಗಳಿಗೆಗೆ ಜೇಬಿನಲ್ಲಿ ಮೊಬೈಲು ಗುಂಯ್ ಅಂದಿತು. ‘ವೀರನೇ, ಹೊಸ ಸೀಸನ್ ಶುರು! ನಿನ್ನ ಕಿರೀಟ ನಿನಗಾಗಿ ಕಾಯುತ್ತಿದೆ!’ ಆಟವನ್ನು ಮೊಬೈಲಿನಿಂದ ಕಿತ್ತು ಎಸೆದು ಎಷ್ಟೋ ಕಾಲವಾಗಿದೆ, ಆದರೂ ನನ್ನ ನಂಬರನ್ನು ಅವರು ಬಿಟ್ಟಿಲ್ಲ. ಮೆಸೇಜು ಅಳಿಸುವಷ್ಟರಲ್ಲಿ ಆ ಮಳೆಗಾಲವೇ ಎದುರಿಗೆ ಬಂದು ಕುಳಿತಿತ್ತು.

ಆ ವರ್ಷ ನಾನು ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ಮುಗಿಸಿ ಅಂದರೆ, ಕಾಲೇಜು ನನ್ನನ್ನು ಮುಗಿಸಿತ್ತು. ಒಂದೆರಡು ವಿಷಯಗಳು ಮಾತ್ರ ಇನ್ನೂ ನನ್ನ ಕಾಲು ಹಿಡಿದುಕೊಂಡಿದ್ದವು. ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ, ಕಂಡವರ ದನಿ ಕದಿಯುವುದು. ಹ್ಯಾಂಡ್‌ಪೋಸ್ಟ್ ಸ್ಟಾಪಿನಲ್ಲಿ ಬಸ್ಸು ನಿಲ್ಲುವ ಮುಂಚೆಯೇ ‘ಇಳೀರೀ ಇಳೀರೀ’ ಅಂತ ಜೀವ ತೆಗೆಯುವ ಕಂಡಕ್ಟರು, ಹೊಗೆಸೊಪ್ಪಿನ ಹರಾಜಿನಲ್ಲಿ ಎಲೆ ಮೂಸಿ ಸತ್ತ ಇಲಿ ಕಂಡ ಹಾಗೆ ಮೂಗು ತಿರುವುವ ಕೊಳ್ಳುವವರು, ಸೀನು ಬರುವ ಮುಂಚೆ ಅಪ್ಪ ಆಕಾಶ ನೋಡುತ್ತಾ ಮಾಡುವ ರಾಗ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಅಪ್ಪ ಜನರೆದುರು ಹೇಳುತ್ತಿದ್ದ ಮಾತು: “ಇವ್ನಿಗೆ ಊರಲ್ಲಿರೋರ ದನಿಯೆಲ್ಲಾ ಬತ್ತದೆ ಕಣ್ರೀ, ಅವನ್ದೊಂದ್ ಬುಟ್ಟು.”

ಮಳೆ ಆ ಸಲ ಬಿಟ್ಟೂ ಬಿಡದೆ ಹುಯ್ದು, ಆಮೇಲೆ ಬಿಸಿಲು ಒಮ್ಮೆಲೇ ಬಿದ್ದು, ಎಲ್ಲರ ಹೊಲದ ಸೊಪ್ಪೂ ಒಟ್ಟಿಗೇ ಬಲಿತುಬಿಟ್ಟಿತು. ಕೊಯ್ದ ಸೊಪ್ಪನ್ನು ಅವತ್ತೇ ದಾರದಲ್ಲಿ ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲಾಗಿ ಏರಿಸಿ, ಕೆಳಗೆ ಬೆಂಕಿ ಹಾಕಬೇಕು. ತಡವಾದರೆ ರಾಶಿಯಲ್ಲೇ ಬೆಂದು ಕಪ್ಪಾಗುತ್ತದೆ. ಎಲ್ಲರಿಗೂ ಒಂದೇ ವಾರ ಆಳು ಬೇಕು, ಯಾರಿಗೂ ಆಳು ಇಲ್ಲ. ಇಂಥ ಹೊತ್ತಿಗೆ ನಮ್ಮ ಕಡೆ ನಡೆಯುವುದು ಮುಯ್ಯಾಳು. ಇವತ್ತು ನೀನು ನನ್ನ ಸೊಪ್ಪು ಕಟ್ಟು, ನಾಳೆ ನಾನು ನಿನ್ನದನ್ನು ಕಟ್ಟುತ್ತೇನೆ. ಕೂಲಿಯ ಮಾತೇ ಇಲ್ಲ. ಆದರೆ ಮುಯ್ಯಿ ತೀರಿಸದೆ ಕೂತವನ ಮನೆಯ ಮುಂದೆ ಹಾದು ಹೋಗುವಾಗ ಹೆಂಗಸರು ಸುಮ್ಮಸುಮ್ಮನೆ ಕೆಮ್ಮುತ್ತಾರೆ.

ಅಫ್ಸರ್ ಬಂದದ್ದು ಆಗ. ಪಿಯುಸಿಯಲ್ಲಿ ನನ್ನ ಬೆಂಚಿನವನು. ಪಿರಿಯಾಪಟ್ಟಣದಲ್ಲಿ ಅವನ ಅಣ್ಣನದು ಹಾಸಿಗೆ ಹೊಲಿಯುವ ಅಂಗಡಿ. ಮಳೆಗಾಲದಲ್ಲಿ ಅರಳೆ ತೇವ ಹೀರುತ್ತದೆ, ಯಾರೂ ಹಾಸಿಗೆ ಮಾಡಿಸುವುದಿಲ್ಲ. ಅಂಗಡಿಯಲ್ಲಿ ನೊಣ ಹೊಡೆದು ಸಾಕಾಗಿ ಒಂದು ದಿನ ನಮ್ಮೂರಿಗೆ ಬಂದವನು, ಚಪ್ಪರದಡಿ ಅವ್ವ ಒಬ್ಬಳೇ ಸೊಪ್ಪಿನ ರಾಶಿಯೆದುರು ಕೂತಿದ್ದು ನೋಡಿ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ದಪ್ಪ ದಾರ, ಗಂಟು, ಎಳೆತ ಎಲ್ಲ ಅವನಿಗೆ ಹಾಸಿಗೆಯಿಂದಲೇ ಗೊತ್ತು. ಸಂಜೆಯ ಹೊತ್ತಿಗೆ ಅವನ ಕಡ್ಡಿಗಳು ಮದುವೆ ಮನೆಯ ತೋರಣದ ಹಾಗಿದ್ದವು. ನನ್ನವು ಗಾಳಿಗೆ ಹಾರಿ ಬೇಲಿಗೆ ಸಿಕ್ಕ ಲುಂಗಿಯ ಹಾಗೆ.

“ನೋಡ್ಲಾ, ನೋಡ್ ಕಲ್ತ್ಕೊ,” ಅಂದಳು ಅವ್ವ. “ಅಪ್ಸರು ಕೈ ನೋಡು, ನಿನ್ ಕೈ ನೋಡು. ನಿನ್ ಕೈಲಿ ಉಣ್ಣದೊಂದೇ ಸರ್ಯಾಗ್ ಆಗಾದು.”

“ಅದೂ ಚೆಲ್ತಾನೆ ಅವ್ವ,” ಅಂದ ಅಫ್ಸರ್.

ಅವತ್ತಿನಿಂದ ಅವನು ದಿನಾ ಬರತೊಡಗಿದ. ಅವ್ವನಿಗೆ ಒಂದು ಕಡೆ ಸಂತೋಷ, ಒಂದು ಕಡೆ ಸಂಕಟ. ಅವನಿಗೆ ಹೊಲವಿಲ್ಲ, ಬ್ಯಾರನ್ ಇಲ್ಲ. ಮುಯ್ಯಿ ತೀರಿಸುವುದು ಹೇಗೆ? ಕೂಲಿ ಅಂದರೆ ಅವನು ಮುಖ ತಿರುಗಿಸುತ್ತಿದ್ದ.

ಅವನಿಗೆ ಬೇಕಿದ್ದದ್ದು ಬೇರೆಯೇ ಇತ್ತು. ಈಗ ಆಟದ ವಿಷಯಕ್ಕೆ ಬರಬೇಕು, ಮೂಗು ಮುಚ್ಚಿಕೊಳ್ಳಿ.

ಆ ಆಟ ಶುರುವಿನಲ್ಲಿ ನಿಮ್ಮನ್ನು ಗೆಲ್ಲಿಸುತ್ತದೆ. ಎದುರು ಬರುವವರು ಮನುಷ್ಯರಲ್ಲ, ಮನುಷ್ಯರ ಹೆಸರಿಟ್ಟುಕೊಂಡ ಬೊಂಬೆಗಳು. ಗುಂಡು ಹಾರಿಸಲು ಬಾರದೆ ಗೋಡೆಗೆ ಮುಖ ಕೊಟ್ಟು ನಿಂತಿರುತ್ತವೆ. ಅವನ್ನು ಹೊಡೆದು ನಾನು ವಾರವಿಡೀ ಎದೆಯುಬ್ಬಿಸಿ ಓಡಾಡಿದ್ದೆ. ಬೊಂಬೆಗಳು ಅಂತ ಅಫ್ಸರ್ ಹೇಳಿದಾಗ, ಕುರಿಯನ್ನು ಕುಸ್ತಿಯಲ್ಲಿ ಸೋಲಿಸಿ ಹಾರ ಹಾಕಿಸಿಕೊಂಡವನ ಹಾಗಾಯಿತು. ಆಮೇಲೆ ನಿಜವಾದ ಜನ ಬರುತ್ತಾರೆ, ಸೋಲು ಶುರುವಾಗುತ್ತದೆ, ಆಗ ಅಂಗಡಿಯ ಬಾಗಿಲು ತೆರೆಯುತ್ತದೆ. ಬಂದೂಕಿಗೂ ಒಂದು ಲೆವೆಲ್ಲು. ನಿಮ್ಮ ಗುರಿ ಅವನ ಹಣೆಗೇ ತಾಗಿದರೂ ಅವನು ಸಾಯುವುದಿಲ್ಲ, ಅವನ ಗುಂಡು ನಿಮ್ಮ ಕಾಲ್ಬೆರಳಿಗೆ ತಾಗಿದರೆ ನೀವು ಶಿವನ ಪಾದ. ಏಕೆಂದರೆ ಅವನು ತಿಂಗಳುಗಟ್ಟಲೆ ಕೂತು, ಇಲ್ಲವೇ ಅಪ್ಪನ ಕಾರ್ಡು ಉಜ್ಜಿ, ಬಂದೂಕನ್ನು ಬೆಳೆಸಿದ್ದಾನೆ. ಬೆಳೆಯಬೇಕಾದ್ದು ಕೈ. ಇಲ್ಲಿ ಬೆಳೆಯುವುದು ನಂಬರು.

ಎಲ್ಲಕ್ಕಿಂತ ಅಸಹ್ಯ ಡೈಲಿ ಮಿಷನ್ನು. ದಿನಕ್ಕೊಂದಿಷ್ಟು ಚಾಕರಿ ಹೇಳುತ್ತದೆ, ಮಾಡದಿದ್ದರೆ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಕುರುವಿನ ಹಾಗೆ ಮಿಡಿಯುತ್ತಿರುತ್ತದೆ. ಚಾಕರಿ ಎಂಥದ್ದು? ‘ದೋಣಿಯಲ್ಲಿ ಕುಳಿತುಕೊ.’ ನಮ್ಮ ತಂಡದಲ್ಲಿ ಒಬ್ಬ ಹ್ಯಾಂಡ್‌ಪೋಸ್ಟಿನ ಹುಡುಗನಿದ್ದ. ನಾಲ್ಕು ಕಡೆಯಿಂದ ಗುಂಡು ಸುರಿಯುವಾಗ ನಮ್ಮನ್ನು ಬಿಟ್ಟು ಹೊಳೆಯ ಕಡೆ ಓಡುತ್ತಿದ್ದ. “ಎಲ್ಲೋಯ್ತಿದ್ದೀಯೋ?” ಅಂದರೆ “ದೋಣಿ ಬಾಕಿ ಐತೆ ಕಣಣ್ಣಾ” ಅನ್ನುತ್ತಿದ್ದ. ನಾವು ಸತ್ತ ಮೇಲೆ ಅವನು ದೋಣಿಯಲ್ಲಿ ಕೂತು, ಚಿನ್ನದ ಬಣ್ಣದ ಟೋಪಿಯೊಂದನ್ನು ಬಹುಮಾನ ಪಡೆದು, ಸತ್ತವರ ಮುಂದೆ ಕುಣಿಯುತ್ತಿದ್ದ. ಐದು ಜನ ಒಟ್ಟಾಗಿ ಆಡಲಿ ಅಂತ ತಂಡ ಕಟ್ಟಿಸಿ, ಒಬ್ಬೊಬ್ಬನ ಕಿವಿಯಲ್ಲೂ ಬೇರೆ ಬೇರೆ ಆಸೆ ಊದುವ ಆಟವನ್ನು ಯಾವ ಮಹಾನುಭಾವ ಹೆಣೆದನೋ! ಅವನ ಮನೆಯ ಊಟದ ಪಂಕ್ತಿಯಲ್ಲೂ ಹೀಗೇ ಆಗಲಿ.

ಹೀಗೆಲ್ಲ ಬೈಯುತ್ತಾ ನಾನು ಆಡುತ್ತಲೇ ಇದ್ದೆ. ನನ್ನ ಗುರಿ ಹೇಗಿತ್ತೆಂದರೆ, ನಾನು ಬಂದೂಕು ಎತ್ತಿದರೆ ಎದುರಾಳಿಗಿಂತ ಮೊದಲು ನಮ್ಮವರು ಬಗ್ಗುತ್ತಿದ್ದರು.

ಅಫ್ಸರ್ ಬೇರೆ ಜಾತಿಯ ಆಟಗಾರ. ಮೂಲೆ ಒಡೆದ ಹಳೇ ಮೊಬೈಲಿನಲ್ಲಿ, ಬೆಳೆಸದ ಬಂದೂಕಿನಲ್ಲಿ, ಕೈಯ ಬಲದಿಂದಲೇ ಮೇಲೇರಿದ್ದ. ಎಲ್ಲಕ್ಕೂ ಮೇಲಿನ ಪಟ್ಟದ ಹೆಸರು ಸಾಮ್ರಾಟ್. ಅದಕ್ಕೆ ಒಂದೇ ಮೆಟ್ಟಿಲು ಕೆಳಗಿದ್ದ. ತಂಡದ ಕ್ಯಾಪ್ಟನ್ ಕೊಡಗಿನ ಕುಟ್ಟದ ಕಡೆಯವನು, ನಾವ್ಯಾರೂ ಅವನ ಮುಖ ನೋಡಿದವರಲ್ಲ, ಆಟದ ಮೈಕಿನಲ್ಲಿ ಬರುವ ದನಿ ಮಾತ್ರ ಗೊತ್ತು. ಮೈಸೂರಿನಲ್ಲಿ ಕಾಲೇಜು ಹುಡುಗರು ನಡೆಸುವ ಪಂದ್ಯವೊಂದಕ್ಕೆ ತಂಡ ಕರೆದೊಯ್ಯುತ್ತಿದ್ದ. ಸೀಸನ್ ಮುಗಿಯುವ ದಿನ ಸಾಮ್ರಾಟ್ ಆಗಿದ್ದವರಿಗೆ ಮಾತ್ರ ಅಲ್ಲಿ ಪ್ರವೇಶ. “ನೀನು ಸಾಮ್ರಾಟ್ ಆಗಿ ಬಾ, ಮತ್ತೆ ಹೋಗುವ,” ಅಂದಿದ್ದ ಅಫ್ಸರನಿಗೆ. ಸೀಸನ್ ಮುಗಿದರೆ ಎಲ್ಲರನ್ನೂ ಮತ್ತೆ ಕೆಳಕ್ಕೆ ದಬ್ಬುತ್ತಾರೆ, ಹತ್ತಿದ್ದೆಲ್ಲ ನೀರು. ಅದೂ ಈ ಆಟದ ಕೊಳಕು ಬುದ್ಧಿಯೇ. ಜನ ತೃಪ್ತಿಯಾಗಿ ಎದ್ದು ಹೋಗದ ಹಾಗೆ, ಉಣ್ಣುವ ಮಧ್ಯದಲ್ಲೇ ತಟ್ಟೆ ಎಳೆದುಕೊಳ್ಳುವುದು.

“ಅಷ್ಟ್ಯಾಕ್ಲಾ ಬೇಕು ನಿಂಗದು?” ಅಂತ ನಾನೊಮ್ಮೆ ಕೇಳಿದೆ.

ಅವನು ಗಂಟು ಬಿಗಿಯುತ್ತಲೇ ಹೇಳಿದ: “ಅಂಗಡಿ ಅಣ್ಣಂದು. ಬೈಕು ಅಣ್ಣಂದು. ಮೊಬೈಲೂ ಅಣ್ಣ ಬಿಸಾಕಿದ್ದು. ನಾಲ್ಕ್ ಜನದ್ ಮುಂದೆ ನನ್ ಹೆಸರಿಂದ ಕರೆಯೋದು ಅದೊಂದ್ ಕಡೆ ಮಾತ್ರ ಕಣೋ.”

ನಾನು ತಕ್ಷಣ ಅವನ ಅಣ್ಣನ ದನಿಯಲ್ಲಿ, “ಅರೆ ಅಫ್ಸರ್, ಸೂಜಿ ಎಲ್ಲಿಟ್ಟೆ ರೇ?” ಅಂದೆ. ಇಬ್ಬರೂ ನಕ್ಕೆವು. ಮಾತು ಗಂಭೀರವಾಗುವ ಕಡೆ ಒಂದು ದನಿ ಹೊರಡಿಸಿ ತಪ್ಪಿಸಿಕೊಳ್ಳುವುದು ನನ್ನ ಹಳೇ ಚಾಳಿ.

ಸೊಪ್ಪು ಕಟ್ಟಿದ ಕೈಗೆ ಒಂದು ಅಂಟು ಹತ್ತುತ್ತದೆ. ಕಪ್ಪಗೆ, ಕಹಿ, ಸೋಪಿಗೂ ಜಗ್ಗದು. ಆ ಬೆರಳನ್ನು ಮೊಬೈಲು ಮುಟ್ಟಿಸಿಕೊಳ್ಳುವುದೇ ಇಲ್ಲ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಓಡುತ್ತದೆ. ಹಗಲೆಲ್ಲ ನಮ್ಮ ಸೊಪ್ಪು ಕಟ್ಟಿದ ಅಫ್ಸರನಿಗೆ ಡೈಲಿ ಮಿಷನ್ನು ತಪ್ಪತೊಡಗಿತು. ಅದು ತಪ್ಪಿದರೆ ಪಾಯಿಂಟು ಸೋರುತ್ತದೆ. ಪರಿಹಾರ ಹುಡುಕಿದ್ದು ನಮ್ಮವ್ವ, ಆಟ ಅಂದರೇನು ಅಂತಲೇ ಗೊತ್ತಿಲ್ಲದೆ.

“ಅವ್ನು ನಿನ್ ಕೆಲ್ಸ ಮಾಡ್ತಾವ್ನೆ. ನೀನು ಅವನ್ ಕೆಲ್ಸ ಮಾಡು. ಮುಯ್ಯಿ ತೀರ್ತದೆ. ಅದ್ಕೇನಂತೆ?”

ಅಫ್ಸರ್ ನನ್ನ ಮುಖ ನೋಡಿದ. ಆ ಮುಖ ನೋಡಿಯೂ ಒಪ್ಪಿದ, ಅದೇ ಅವನ ತಪ್ಪು. ಮೊಬೈಲನ್ನು ನನ್ನ ಕೈಗಿಡುತ್ತಾ, “ಡೈಲಿ ಮಾತ್ರ. ದೋಣಿ ಗೀಣಿ ಏನ್ ಹೇಳ್ತದೋ ಮಾಡ್ಕೋ. ರ್‍ಯಾಂಕ್ ಮ್ಯಾಚ್ ಮಾತ್ರ ಮುಟ್ಬೇಡ, ಆಣೆ,” ಅಂದ.

“ಮುಟ್ಟಿದ್ರೆ ನನ್ ಕೈ ಸೇದೋಗ್ಲಿ,” ಅಂದೆ.

ಹೀಗೆ ಹೊಗೆಸೊಪ್ಪಿಗೂ ಗುಂಡಿನಾಟಕ್ಕೂ ಮುಯ್ಯಿ ಶುರುವಾಯಿತು. ಇಂಥ ಒಪ್ಪಂದ ನಮ್ಮೂರಿನವರ ತಲೆಗಲ್ಲದೆ ಇನ್ಯಾರ ತಲೆಗೂ ಹೊಳೆದಿರಲಾರದು. ಅವನು ಚಪ್ಪರದಡಿ ನನ್ನ ಸೊಪ್ಪು ಕಟ್ಟುತ್ತಿದ್ದ. ನಾನು ಬ್ಯಾರನ್ನಿನ ಹಿಂದೆ, ಊರಲ್ಲಿ ನೆಟ್‌ವರ್ಕ್ ಸಿಗುವ ಒಂದೇ ಹುಣಸೆಮರದಡಿ, ಅವನ ದೋಣಿಯಲ್ಲಿ ಕೂರುತ್ತಿದ್ದೆ. ಮುಖಕ್ಕೆ ತಂಪುಗಾಳಿ, ಬೆನ್ನಿಗೆ ಬ್ಯಾರನ್ನಿನ ಬಿಸಿಗೋಡೆ. ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು.

ಸೀಸನ್ ಮುಗಿಯುವ ಹಿಂದಿನ ದಿನ. ಮಧ್ಯಾಹ್ನ ಮಳೆ ಹನಿಯುತ್ತಿತ್ತು. ಅಫ್ಸರ್ ಇನ್ನೊಂದೇ ಮ್ಯಾಚು ಗೆದ್ದರೆ ಸಾಮ್ರಾಟ್. ಅದನ್ನು ಸಂಜೆ ಕೈ ತೊಳೆದು ತಾನೇ ಆಡುತ್ತೇನೆ ಅಂದಿದ್ದ. ನಾನು ದೋಣಿ ಮುಗಿಸಿ ಏಳುವವನಿದ್ದೆ. ಆಗ ಕ್ಯಾಪ್ಟನ್ನಿನ ದನಿ: “ಅಫ್ಸರ್, ಇದ್ದೀಯಾ? ರ್‍ಯಾಂಕ್ ಮ್ಯಾಚಿಗೆ ಒಬ್ಬ ಕಡಿಮೆ ಉಂಟು. ಬಾ, ಬೇಗ ಮುಗಿಸುವ.”

ಇಲ್ಲ, ನಾನು ಅಫ್ಸರ್ ಅಲ್ಲ ಅಂದಿದ್ದರೆ ಆಗುತ್ತಿತ್ತು. ಆದರೆ ನನ್ನ ಬಾಯಿ ನನ್ನನ್ನು ಕೇಳಲಿಲ್ಲ. ಅಫ್ಸರನ ಆ ತುಸು ಮೂಗಿನ, ತುಸು ನಿಧಾನದ ದನಿಯಲ್ಲಿ “ಬಂದೆ ಕ್ಯಾಪ್ಟನ್” ಅಂದುಬಿಟ್ಟೆ. ಎಷ್ಟು ತದ್ರೂಪವಾಗಿತ್ತೆಂದರೆ ನನಗೇ ಖುಷಿಯಾಯಿತು. ಗೆದ್ದು, ಸಾಮ್ರಾಟ್ ಕಿರೀಟವನ್ನು ತಟ್ಟೆಯಲ್ಲಿಟ್ಟು ಗೆಳೆಯನ ಮುಂದೆ ಹಿಡಿಯುವ ಚಿತ್ರವೂ ಕಣ್ಣಿಗೆ ಬಂತು. ಸೋಲುವ ಚಿತ್ರ ಬರಲಿಲ್ಲ. ಮೂರ್ಖರಿಗೆ ಚಿತ್ರಗಳು ಯಾವಾಗಲೂ ಅರ್ಧವೇ ಬರುತ್ತವೆ.

ಆಟಕ್ಕೆ ಕೈ ಕಾಣುವುದಿಲ್ಲ, ನಂಬರು ಕಾಣುತ್ತದೆ. ನಂಬರು ಅಫ್ಸರನದು, ಹಾಗಾಗಿ ಎದುರಿಗೆ ನಿಲ್ಲಿಸಿದ್ದು ಅಫ್ಸರನ ಸರಿಸಾಟಿಯವರನ್ನು. ಗೋಡೆಯಾಚೆಯಿಂದ ಹೆಜ್ಜೆಯ ಸದ್ದು ಕೇಳಿ ತಲೆಗೆ ಹೊಡೆಯುವವರು. ನಾನು ಹುಟ್ಟಿದ್ದೂ ಸತ್ತಿದ್ದೂ ಒಂದೇ ಜಾಗದಲ್ಲಿ. ಸೋತೆವು.

ಆಗ ಪರದೆಯ ಮೇಲೆ ಬಂದದ್ದನ್ನು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ. ‘ಛೇ, ಸ್ವಲ್ಪದರಲ್ಲೇ ತಪ್ಪಿತು! ಈಗಲೇ ಆಡಿ ಗೆದ್ದರೆ ಕಳೆದದ್ದು ವಾಪಸ್ಸು!’ ಅದರ ಕೆಳಗೆ ಸೆಕೆಂಡುಗಳು ಓಡುತ್ತಿದ್ದವು. ‘ಮತ್ತೆ ಆಡು’ ಅನ್ನುವ ಗುಂಡಿ ಅಂಗೈಯಗಲ, ಹಸಿರು, ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು. ‘ಸಾಕು’ ಅನ್ನುವುದು ಮೂಲೆಯಲ್ಲಿ, ಬೂದಿ ಬಣ್ಣ, ಇರುವೆಯಷ್ಟು. ಸ್ವಲ್ಪದರಲ್ಲೇ ತಪ್ಪಿತಂತೆ! ನಾನು ಒಬ್ಬನನ್ನೂ ಮುಟ್ಟಿರಲಿಲ್ಲ. ಆ ಆಟಕ್ಕೆ ನನಗಿಂತ ಚೆನ್ನಾಗಿ ನನ್ನನ್ನು ಅನುಕರಿಸಲು ಬರುತ್ತಿತ್ತು. ನನ್ನ ಮನಸ್ಸು ಏನು ಹೇಳಬೇಕೆಂದಿತ್ತೋ ಅದನ್ನೇ ಒಂದು ಗಳಿಗೆ ಮೊದಲು ಹೇಳುತ್ತಿತ್ತು.

ಹಸಿರನ್ನು ಒತ್ತಿದೆ. ಸೋತೆ. ಒತ್ತಿದೆ. ಮೇಲಿನ ಮೆಟ್ಟಿಲುಗಳಲ್ಲಿ ಗೆದ್ದರೆ ಸಿಗುವುದು ಚಿಟಿಕೆ, ಸೋತರೆ ಹೋಗುವುದು ಬೊಗಸೆ. ಅದೂ ಅವರದೇ ಏರ್ಪಾಡು. “ಎಂತ ಮಾರಾಯ ಆಯಿತು ನಿನಗೆ ಇವತ್ತು?” ಅಂದ ಕ್ಯಾಪ್ಟನ್. “ಮಳೆ ಕ್ಯಾಪ್ಟನ್, ನೆಟ್ ಸರಿಯಿಲ್ಲ,” ಅಂದೆ ಅಫ್ಸರನ ದನಿಯಲ್ಲಿ. ಗೋಡೆಯಾಚೆ ನಿಜವಾದ ಅಫ್ಸರ್ ಅವ್ವನಿಗೆ ಏನೋ ಹೇಳಿ ನಗುವುದು ಕೇಳಿಸುತ್ತಿತ್ತು. ನನ್ನ ಪಾಲಿನ ರಾಶಿಯನ್ನೂ ಅವನೇ ಎಳೆದುಕೊಂಡಿದ್ದ. ಕೊನೆಗೆ ಹಸಿರು ಗುಂಡಿಯೇ ಬೇಸರಪಟ್ಟಿತೋ ಏನೋ, ಕ್ಯಾಪ್ಟನ್ “ಸಾಕು, ನಿನಗೆ ಮನಸ್ಸಿಲ್ಲ, ನಾನು ಬೇರೆಯವರನ್ನು ನೋಡುವೆ” ಅಂತ ಹೊರಟುಹೋದ. ಅಫ್ಸರ್ ಸಾಮ್ರಾಟ್ ಪಟ್ಟದಿಂದ ಎಷ್ಟೋ ಕೆಳಗೆ, ಅವನು ಮಳೆಗಾಲದ ಶುರುವಿನಲ್ಲಿ ನಿಂತಿದ್ದ ಜಾಗದಲ್ಲಿ ಬಿದ್ದಿದ್ದ. ಒಂದು ದಿನದಲ್ಲಿ ಅಲ್ಲಿಂದ ಮೇಲೇರುವುದು ಯಾರಿಂದಲೂ ಆಗದು.

ಚಪ್ಪರಕ್ಕೆ ಹೋಗಿ ಮೊಬೈಲು ಚಾಚಿದೆ. ಜೀವನದಲ್ಲಿ ಮೊದಲ ಸಲ ನನ್ನ ಗಂಟಲಿಂದ ಯಾರ ದನಿಯೂ ಬರಲಿಲ್ಲ. ಅಫ್ಸರ್ ಒತ್ತಿದ, ಅಂಟುಬೆರಳಿಗೆ ಪರದೆ ಅಲುಗಲಿಲ್ಲ. ಅಂಗಿಗೆ ಉಜ್ಜಿ ಒತ್ತಿದ. ಕಾಲಿಗೆ ಉಜ್ಜಿ ಒತ್ತಿದ. ಆಮೇಲೆ ತೆರೆಯಿತು. ನೋಡಿದ.

“ಏನ್ಲಾ ಆಯ್ತು?” ಅಂದಳು ಅವ್ವ.

ಹೇಳಿದೆ. ಅವಳಿಗೆ ಪಟ್ಟ, ಪಾಯಿಂಟು ಯಾವುದೂ ತಿಳಿಯಲಿಲ್ಲ, ಆದರೆ ಆಗಿದ್ದು ತಿಳಿಯಿತು. “ಅಂಗಾದ್ರೆ ಮುಯ್ಯಿಗೆ ಅಂತ ಅವನ್ ಹೊಲುಕ್ಕೆ ಓಗಿ, ಪೈರ್ನೇ ಮೇಯ್ಸ್‌ಬುಟ್ಟು ಬಂದ್ಯಾ?”

“ಕ್ಯಾಪ್ಟನ್‌ಗೆ ನಾನೇ ಹೇಳ್ತೀನಿ ಬುಡ್ಲಾ,” ಅಂತ ಮೊಬೈಲು ಕಸಿದು ಮರದ ಕೆಳಗೆ ಓಡಿದೆ. ಅಫ್ಸರ್ ಹಿಂದೆಯೇ ಬಂದ. ಕ್ಯಾಪ್ಟನ್ ಸಿಕ್ಕಿದ. ಆಡಿದ್ದು ನಾನು, ಅಫ್ಸರ್ ಅಲ್ಲ ಅಂದೆ. ಅವನು ನಕ್ಕ. “ಸ್ವರ ಅಫ್ಸರನದ್ದೇ ಇತ್ತಲ್ಲ, ನನಗೆ ಕಿವಿ ಇಲ್ವಾ? ಸೋತವರೆಲ್ಲ ಹೀಗೆಯೇ ಹೇಳುವುದು.” ಅವನೆದುರೇ ಅಫ್ಸರನ ದನಿ ಮಾಡಿ ತೋರಿಸಿದೆ. ಅವನು ಅಂದ: “ಆಗಲಿ, ನೀನೇ ಆಡಿದ್ದು ಅಂತ ಇಟ್ಟುಕೊಳ್ಳುವ. ಮೈಸೂರಿನವರಿಗೆ ಎಂತ ತೋರಿಸುವುದು? ಅವರು ಪಟ್ಟ ನೋಡುವುದು, ಹುಡುಗನನ್ನಲ್ಲ.” ಲೈನು ಕಟ್ಟಾಯಿತು.

ಅಫ್ಸರನ ಕಡೆ ತಿರುಗಿದೆ. ಅವನ ಮುಖ ನೋಡಲಾರದೆ ಆಟವನ್ನು ಹಿಡಿದುಕೊಂಡೆ. ಅಂದು ಉಗಿದ ಹಾಗೆ ಹಿಂದೆಂದೂ ಉಗಿದಿರಲಿಲ್ಲ.

“ತೂ, ಇದೂ ಒಂದ್ ಆಟವೇನ್ಲಾ! ನೆಟ್ಗೆ ಮಾಡಿದ್ರೆ ಒಂದ್ ಮಧ್ಯಾಹ್ನಕ್ಕೆ ಇಷ್ಟ್ ಇಳೀತದಾ? ಗೆದ್ದಾಗ ಚಮಚದಲ್ ಕೊಡ್ತದೆ, ಸೋತಾಗ ಸೌಟಲ್ ಬಳ್ಕೊತದೆ. ಆಡ್ತಿರೋನು ಬೇರೆ ಅಂತ ಗೊತ್ತಾಗಾಕಿಲ್ವಾ ಅದ್ಕೆ? ಗೊತ್ತಾಯ್ತದೆ! ಅದ್ಕೆ ಬೇಕಾಗಿರಾದು ಬೆರಳು, ಯಾರ್ ಬೆರಳಾದ್ರೂ ಸರಿ. ಎದ್ದೋಗಕ್ಕೆ ಬುಡದಂಗೆ ಗುಂಡಿ ಮಡಗವ್ರೆ, ಗೆದ್ದ್ ಮೇಲೂ ನೆಮ್ದಿ ಇಲ್ದಂಗೆ ಸೀಸನ್ನು ಮಡಗವ್ರೆ. ಇವತ್ತು ನೀನ್ ಸಾಮ್ರಾಟ್ ಆಗಿದ್ರೂ ನಾಡಿದ್ದು ತಳ್ಬುಡ್ತಿದ್ರು. ಹೋಗಿದ್ದೇ ಒಳ್ಳೇದಾಯ್ತು ಅಂದ್ಕೊ. ಇಂಥ ಗಬ್ಬು ಆಟದಲ್ಲಿ ಗೆದ್ರೇನು, ಸೋತ್ರೇನು?”

ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಇವತ್ತೂ ಒಂದಕ್ಷರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ಉಸಿರು ಮುಗಿದ ಮೇಲೆ ಅಫ್ಸರ್, ನಾನು ಮತ್ತೆಂದೂ ಕದಿಯದ ಆ ದನಿಯಲ್ಲಿ ಹೇಳಿದ:

“ಆಟ ಗಬ್ಬು ಅಂತ ನಂಗೂ ಗೊತ್ತು ಕಣ್ಲಾ. ಸೋಲೋದಾದ್ರೂ ನಾನೇ ಸೋಲ್ಬೇಕಿತ್ತು.”